ಗೋಪಿನಾಥಂ ಮರೆಯದ ಅಧಿಕಾರಿ



ಕಳೆದ ವರ್ಷ ಒಂಬತ್ತನೆಯ ತರಗತಿಯಲ್ಲಿ ಅರಣ್ಯ ಸಂರಕ್ಷಣೆಯ ಪಾಠ ಮಾಡುತ್ತಿದ್ದೆ. ಮಾತಿನ ಮಧ್ಯೆ, ವೀರಪ್ಪನ್ ಯಾರೆಂದು ನಿಮಗೆ ಗೊತ್ತೇ ಎಂದು ಮಕ್ಕಳನ್ನು ಕೇಳಿದೆ. ಇಡೀ ತರಗತಿ ಕೈ ಎತ್ತಿತು. ಅವನ ಮೀಸೆ, ಅವನ ಬಂದೂಕು, ಅವನ ಮೇಲೆ ಬಂದ ಸಿನಿಮಾ ಎಲ್ಲವೂ ಅವರಿಗೆ ಗೊತ್ತಿತ್ತು. ಒಬ್ಬ ಹುಡುಗ ಎದ್ದು ನಿಂತು ಮೀಸೆ ತಿರುವುವ ಅಭಿನಯವನ್ನೂ ಮಾಡಿ ತೋರಿಸಿದ. ಹಾಗಾದರೆ ಶ್ರೀನಿವಾಸ್ ಯಾರು, ಶಕೀಲ್ ಅಹ್ಮದ್ ಯಾರು ಎಂದು ಕೇಳಿದೆ. ಒಂದು ಕೈಯೂ ಮೇಲೇಳಲಿಲ್ಲ.

ಅಂದು ಮನೆಗೆ ಬಂದ ಮೇಲೂ ಆ ಮೌನ ನನ್ನ ಮನಸ್ಸಿನಿಂದ ಹೋಗಲಿಲ್ಲ. ತಪ್ಪು ಮಕ್ಕಳದ್ದಲ್ಲ. ಕೊಂದವನ ಹೆಸರನ್ನು ಅವರಿಗೆ ಕಲಿಸಿದವರು ನಾವು. ಕಾಯಲು ಹೋಗಿ ಪ್ರಾಣ ಕೊಟ್ಟವರ ಹೆಸರನ್ನು ಕಲಿಸದೆ ಬಿಟ್ಟವರೂ ನಾವೇ. ಆ ಲೋಪವನ್ನು ಸ್ವಲ್ಪವಾದರೂ ತುಂಬಲು ಈ ವಾರ್ಷಿಕ ಸಂಚಿಕೆಯಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸರ ಬದುಕನ್ನು ನಿಮ್ಮ ಮುಂದಿಡುತ್ತಿದ್ದೇನೆ. ಅವರ ನಂತರ ಅದೇ ಕಾಡಿನಲ್ಲಿ ಹುತಾತ್ಮರಾದ ಪೊಲೀಸ್ ಅಧಿಕಾರಿಗಳ ಮಾತೂ ಇದರಲ್ಲಿ ಬರುತ್ತದೆ. ಓದಿದ ಮೇಲೆ ನಿಮ್ಮ ಮನೆಯ ಮಕ್ಕಳಿಗೂ ಹೇಳಿ ಎಂಬುದು ನನ್ನ ವಿನಂತಿ.

ಜನನ ಮತ್ತು ವಿದ್ಯಾಭ್ಯಾಸ

ಪಂಡಿಲ್ಲಪಲ್ಲಿ ಶ್ರೀನಿವಾಸ್ ಹುಟ್ಟಿದ್ದು ಆಂಧ್ರಪ್ರದೇಶದ ಗೋದಾವರಿ ದಡದ ರಾಜಮಂಡ್ರಿಯಲ್ಲಿ, 1954ರ ಸೆಪ್ಟೆಂಬರ್ 12ರಂದು. ಓದಿನಲ್ಲಿ ಬಹಳ ಜಾಣರು. ಆಂಧ್ರ ವಿಶ್ವವಿದ್ಯಾಲಯದಲ್ಲಿ ಜೀವವಿಜ್ಞಾನ ಓದಿದರು. 1979ರಲ್ಲಿ ಭಾರತೀಯ ಅರಣ್ಯ ಸೇವೆಗೆ ಸೇರಿದಾಗ ಅವರಿಗಿನ್ನೂ 25 ವರ್ಷ. ಅವರನ್ನು ಕರ್ನಾಟಕಕ್ಕೆ ನಿಯೋಜಿಸಲಾಯಿತು.

ವಿದ್ಯಾರ್ಥಿಗಳೇ, ಇಲ್ಲಿ ಸ್ವಲ್ಪ ನಿಲ್ಲಿ. ಐ.ಎಫ್.ಎಸ್. ಎಂದರೆ ಐ.ಎ.ಎಸ್., ಐ.ಪಿ.ಎಸ್. ಗಳಂತೆಯೇ ಅಖಿಲ ಭಾರತ ಮಟ್ಟದ ಪರೀಕ್ಷೆ ಪಾಸು ಮಾಡಿ ಸೇರುವ ಸೇವೆ. ವಿಜ್ಞಾನ ಓದಿದ ನಮ್ಮ ಮಕ್ಕಳು ವೈದ್ಯ, ಎಂಜಿನಿಯರ್ ಎಂಬ ಎರಡೇ ಬಾಗಿಲನ್ನು ನೋಡುತ್ತಾರೆ. ಹೀಗೊಂದು ಮೂರನೆಯ ಬಾಗಿಲೂ ಇದೆ ಎಂಬುದು ಬಹಳ ಮನೆಗಳಿಗೆ ತಿಳಿದಿಲ್ಲ. ಶ್ರೀನಿವಾಸರು ಮನಸ್ಸು ಮಾಡಿದ್ದರೆ ಪಟ್ಟಣದ ಕಾಲೇಜಿನಲ್ಲಿಯೋ ಪ್ರಯೋಗಾಲಯದಲ್ಲಿಯೋ ನೆಮ್ಮದಿಯಾಗಿ ಇರಬಹುದಾಗಿತ್ತು. ಅವರು ಆರಿಸಿಕೊಂಡದ್ದು ಕಾಡನ್ನು. ಕರ್ನಾಟಕಕ್ಕೆ ಬಂದ ಮೇಲೆ ಅವರ ಬದುಕು ಚಾಮರಾಜನಗರ ಮತ್ತು ಕೊಳ್ಳೇಗಾಲದ ಕಾಡುಗಳೊಂದಿಗೆ ಬೆಸೆದುಕೊಂಡಿತು.

ಕಾಡು, ಗಂಧ ಮತ್ತು ಬಡತನ

ಆ ಸೀಮೆಯನ್ನು ನೋಡದವರಿಗಾಗಿ ಎರಡು ಮಾತು. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ, ತಾಳುಬೆಟ್ಟದ ದಾರಿಯಲ್ಲಿ ಹೋದರೆ ಮಲೆ ಮಹದೇಶ್ವರ ಬೆಟ್ಟ ಸಿಗುತ್ತದೆ. ಬೆಟ್ಟ ದಾಟಿ ಇಳಿದರೆ ಪಾಲಾರ್. ಅದು ಕರ್ನಾಟಕದ ಗಡಿ. ಅಲ್ಲಿಂದ ಕಾಡಿನೊಳಗೆ ಹೋದರೆ ಗೋಪಿನಾಥಂ ಎಂಬ ಹಳ್ಳಿ. ಕಾವೇರಿ ನದಿಯೂ ಹೊಗೇನಕಲ್ ಜಲಪಾತವೂ ಅದಕ್ಕೆ ಸಮೀಪ. ಊರು ಕರ್ನಾಟಕದ್ದಾದರೂ ಜನರ ಮನೆಮಾತು ಹೆಚ್ಚಾಗಿ ತಮಿಳು. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ಶ್ರೀನಿವಾಸರ ಕಾಲದಲ್ಲಿ ಇದೆಲ್ಲವೂ ಮೈಸೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿತ್ತು.

ಈ ಕಾಡಿನ ಸಂಪತ್ತು ಎರಡು: ಶ್ರೀಗಂಧ ಮತ್ತು ಆನೆ. ಟಿಪ್ಪು ಸುಲ್ತಾನರ ಕಾಲದಲ್ಲಿಯೇ ಶ್ರೀಗಂಧವನ್ನು ರಾಜಮರವೆಂದು ಸಾರಲಾಗಿತ್ತು. ಆಮೇಲಿನ ಸರ್ಕಾರಗಳೂ ಅದನ್ನು ತಮ್ಮ ಹಿಡಿತದಲ್ಲಿಯೇ ಇಟ್ಟುಕೊಂಡವು. ಬೆಲೆ ಹೆಚ್ಚಿದಷ್ಟೂ ಕಳ್ಳಸಾಗಣೆಯೂ ಹೆಚ್ಚಿತು. ಆನೆಯ ಕಥೆ ಇನ್ನೂ ದಾರುಣ. ನಮ್ಮ ದೇಶದ ಆನೆಗಳಲ್ಲಿ ದೊಡ್ಡ ದಂತ ಇರುವುದು ಗಂಡಾನೆಗೆ ಮಾತ್ರ. ಬೇಟೆಗಾರರು ಗಂಡಾನೆಗಳನ್ನೇ ಹುಡುಕಿ ಕೊಂದರೆ ಕಾಡಿನಲ್ಲಿ ಹೆಣ್ಣಾನೆಗಳು ಉಳಿದು ಸಂತಾನ ಕ್ಷೀಣಿಸುತ್ತದೆ. 1986ರಲ್ಲಿ ಕಾನೂನಿಗೆ ತಿದ್ದುಪಡಿ ತಂದು ಭಾರತದ ಆನೆದಂತದ ವ್ಯಾಪಾರವನ್ನು ನಿಷೇಧಿಸಿದರೂ ಕಳ್ಳವ್ಯಾಪಾರ ನಿಲ್ಲಲಿಲ್ಲ.

ಗೋಪಿನಾಥಂನಲ್ಲಿ 1952ರಲ್ಲಿ ಹುಟ್ಟಿದ ವೀರಪ್ಪನ್ ಮೊದಲು ಆನೆಗಳನ್ನು ಕೊಂದ, ನಂತರ ಗಂಧದ ಮರಗಳಿಗೆ ಕೈ ಹಾಕಿದ, ಕಡೆಗೆ ಮನುಷ್ಯರನ್ನು ಕೊಲ್ಲುವುದಕ್ಕೂ ಹಿಂಜರಿಯಲಿಲ್ಲ. ಆದರೆ ಒಬ್ಬನೇ ಮನುಷ್ಯ ಸಾವಿರಾರು ಮರಗಳನ್ನು ಕಡಿದು ಸಾಗಿಸಲು ಆಗುವುದಿಲ್ಲ. ಮರ ಕಡಿಯಲು, ಹೊರಲು, ಅಕ್ಕಿ ಬೇಳೆ ತಲುಪಿಸಲು, ಪೊಲೀಸರು ಬಂದ ಸುದ್ದಿ ಮುಟ್ಟಿಸಲು ಜನ ಬೇಕು. ಆ ಜನ ಸುತ್ತಲಿನ ಹಳ್ಳಿಗಳ ಬಡವರು. ಊರಿಗೆ ಸರಿಯಾದ ರಸ್ತೆ ಇರಲಿಲ್ಲ, ಆಸ್ಪತ್ರೆ ಇರಲಿಲ್ಲ, ಕುಡಿಯುವ ನೀರಿಗೂ ಕಷ್ಟ. ಗದ್ದೆ ತೋಟವಿಲ್ಲದವನಿಗೆ ದಿನದ ಕೂಲಿ ಕೊಡುವವನು ಕಳ್ಳನಾದರೂ ಅನ್ನದಾತನಂತೆ ಕಾಣುತ್ತಾನೆ. ಕೊಡದಿದ್ದಾಗ ಅವನ ಬಂದೂಕಿನ ಭಯ. ಹೀಗೆ ಅರ್ಧ ಹಸಿವಿನಿಂದ, ಅರ್ಧ ಹೆದರಿಕೆಯಿಂದ ಊರಿನ ಬಾಯಿ ಮುಚ್ಚಿಹೋಗಿತ್ತು.

1986ರಲ್ಲಿ ವೀರಪ್ಪನ್ ಒಮ್ಮೆ ಸೆರೆ ಸಿಕ್ಕಿದ್ದ. ಆ ಬಂಧನದೊಂದಿಗೆ ಶ್ರೀನಿವಾಸರ ಹೆಸರು ಸೇರಿಕೊಂಡಿದೆ. ಆದರೆ ಬೂದಿಪಡಗದ ಅರಣ್ಯ ವಸತಿಗೃಹದಲ್ಲಿ ಇರಿಸಿದ್ದಾಗ ಅವನು ತಪ್ಪಿಸಿಕೊಂಡು ಹೋದ. ಅಂದು ಅವನು ಕೈತಪ್ಪದೆ ಇದ್ದಿದ್ದರೆ ಎಷ್ಟು ಮನೆಗಳ ದೀಪ ಉಳಿಯುತ್ತಿತ್ತೋ ಏನೋ! 1990ರ ಏಪ್ರಿಲ್‌ನಲ್ಲಿ ಹೊಗೇನಕಲ್ ಬಳಿ ಅವನ ತಂಡ ಕರ್ನಾಟಕದ ಪೊಲೀಸರನ್ನು ಕೊಂದಿತು. ಅದೇ ವರ್ಷ ಅವನನ್ನು ಹಿಡಿಯಲೆಂದೇ ವಿಶೇಷ ಕಾರ್ಯಪಡೆ ರಚನೆಯಾಯಿತು. ಶ್ರೀನಿವಾಸರೂ ಆ ಕಾರ್ಯಕ್ಕೆ ನಿಂತರು.

ಕಳ್ಳನ ಊರಿನಲ್ಲಿ ಮನೆಮಗ

ಇಲ್ಲಿಂದ ಶ್ರೀನಿವಾಸರ ದಾರಿ ಬೇರೆಯಾಗುತ್ತದೆ. ಬೇರೆಯವರು ವೀರಪ್ಪನ್‌ನನ್ನು ಕಾಡಿನಲ್ಲಿ ಹುಡುಕಿದರು. ಶ್ರೀನಿವಾಸರು ಅವನ ಊರಿಗೇ ಹೋದರು. ಹೋಗಿ ಮನೆ ಮನೆಯನ್ನು ಜಾಲಾಡಿಸಲಿಲ್ಲ. ಈ ಊರಿಗೆ ಏನು ಕೊರತೆ ಎಂದು ವಿಚಾರಿಸಿದರು.

ಕುಡಿಯುವ ನೀರಿನ ವ್ಯವಸ್ಥೆ ಮಾಡಿಸಿದರು. ರಸ್ತೆ ಮಾಡಿಸಿದರು. ಮನೆಯಿಲ್ಲದ ಬಡವರಿಗೆ ಮನೆ ಕಟ್ಟಿಸುವ ಕೆಲಸಕ್ಕೆ ಕೈ ಹಾಕಿದರು. ಸಂಚಾರಿ ಔಷಧಾಲಯವನ್ನು ಊರಿಗೆ ತಂದರು. ಹಳ್ಳಿಯಲ್ಲಿಯೇ ತಂಗಿ ಜನರ ಸುಖದುಃಖದಲ್ಲಿ ಬೆರೆತರು. ಊರಿನವರ ಬಹುದಿನದ ಆಸೆಯಂತೆ ಅಲ್ಲಿ ಮಾರಿಯಮ್ಮನ ದೇವಸ್ಥಾನ ಕಟ್ಟಲು ಮುಂದೆ ನಿಂತರು. ಅರಣ್ಯ ಇಲಾಖೆಯ ಖಾಕಿ ಕಂಡರೆ ಮನೆಯೊಳಗೆ ಸೇರಿಕೊಳ್ಳುತ್ತಿದ್ದ ಜನ, ಈ ಅಧಿಕಾರಿಯ ಜೀಪು ಬಂದರೆ ಹೊರಗೆ ಬರುವಂತಾಯಿತು. ಇದು ಸಣ್ಣ ಮಾತಲ್ಲ.

ಜನರ ಮನಸ್ಸು ತೆರೆದ ಮೇಲೆ ಎರಡನೆಯ ಕೆಲಸ ಆರಂಭವಾಯಿತು. ಹೊಟ್ಟೆಪಾಡಿಗಾಗಿ ಆ ತಂಡ ಸೇರಿದ್ದವರ ಮನೆಯವರನ್ನು ಕರೆಸಿ ಮಾತನಾಡಿದರು. ಶರಣಾದರೆ ಕಾನೂನಿನ ಪ್ರಕಾರ ನಡೆಯುತ್ತದೆ, ಹೊಡೆತ ಬಡಿತ ಇರುವುದಿಲ್ಲ, ಬದುಕಲು ದಾರಿಯೂ ಆಗುತ್ತದೆ ಎಂದು ನಂಬಿಸಿದರು. ನಂಬಿಸಿದಂತೆ ನಡೆದುಕೊಂಡರು ಕೂಡ. ಒಬ್ಬೊಬ್ಬರಾಗಿ ಜನ ಕಾಡು ಬಿಟ್ಟು ಊರಿಗೆ ಬಂದರು. ವೀರಪ್ಪನ್‌ನ ಸ್ವಂತ ತಮ್ಮ ಅರ್ಜುನನ್ ಕೂಡ ಅವರ ಸಂಪರ್ಕಕ್ಕೆ ಬಂದ. ಗುಂಡು ಹಾರಿಸದೆಯೇ ಆ ತಂಡ ಸಣ್ಣದಾಗುತ್ತಾ ಹೋಯಿತು.

ನಮ್ಮ ಭಾಷೆಯಲ್ಲಿ ಅಮಾನತ್ ಎಂಬ ಮಾತಿದೆ. ನಮ್ಮ ವಶಕ್ಕೆ ಒಪ್ಪಿಸಿದ್ದನ್ನು ಲೋಪವಿಲ್ಲದೆ ಕಾಪಾಡುವುದು ಅದರ ಅರ್ಥ. ಶ್ರೀನಿವಾಸರ ವಶಕ್ಕೆ ಸರ್ಕಾರ ಒಪ್ಪಿಸಿದ್ದು ಕಾಡನ್ನು. ಅವರು ಆ ಕಾಡಿನ ಅಂಚಿನ ಮನುಷ್ಯರನ್ನೂ ತಮ್ಮ ಅಮಾನತ್ ಎಂದೇ ತಿಳಿದರು. ಮರ ಉಳಿಯಬೇಕಾದರೆ ಮರ ಕಡಿಯುವವನ ಮನೆಯ ಒಲೆ ಉರಿಯಬೇಕು ಎಂಬ ಸರಳ ಸತ್ಯ ಅವರಿಗೆ ಹೊಳೆದಿತ್ತು.

1991ರ ನವೆಂಬರ್ 10

ಊರು ಕೈ ಬಿಟ್ಟರೆ ತನಗೆ ಉಳಿಗಾಲವಿಲ್ಲ ಎಂಬುದು ವೀರಪ್ಪನ್‌ಗೂ ತಿಳಿದಿತ್ತು. ಬಂದೂಕು ಹಿಡಿದು ಬರುವ ಅಧಿಕಾರಿಗಿಂತ ನೀರು, ಔಷಧ ತರುವ ಅಧಿಕಾರಿಯೇ ಅವನಿಗೆ ಹೆಚ್ಚು ಅಪಾಯಕಾರಿಯಾಗಿ ಕಂಡಿರಬೇಕು. ಅವನು ಸಂಚು ಹೂಡಿದ. ತಾನು ಶರಣಾಗಲು ಸಿದ್ಧ, ಆದರೆ ಶ್ರೀನಿವಾಸರು ಪೊಲೀಸರನ್ನು ಕರೆತರದೆ, ಆಯುಧವಿಲ್ಲದೆ ಬರಬೇಕು ಎಂದು ಅರ್ಜುನನ್ ಮೂಲಕ ಹೇಳಿಕಳಿಸಿದ.

1991ರ ನವೆಂಬರ್ 10. ಶ್ರೀನಿವಾಸರು ಆಯುಧವಿಲ್ಲದೆ, ಬೆಂಗಾವಲಿಲ್ಲದೆ ಹೊರಟರು. ಕಾಲ್ನಡಿಗೆಯಲ್ಲಿ ಕಾಡಿನೊಳಗೆ ನಡೆದರು. ಎರಕೆಯಂ ಬಳಿ ಹೊಂಚು ಹಾಕಿ ಕುಳಿತಿದ್ದ ವೀರಪ್ಪನ್ ಅವರನ್ನು ಗುಂಡಿಕ್ಕಿ ಕೊಂದ. ಅಷ್ಟಕ್ಕೂ ಅವನ ಸೇಡು ತಣಿಯಲಿಲ್ಲ. ತಲೆಯನ್ನು ಕಡಿದುಕೊಂಡು ಹೋದ. ಅದು ಸಿಕ್ಕಿದ್ದು ಸುಮಾರು ಮೂರು ವರ್ಷಗಳ ನಂತರ. ಆ ತಾಯಿಯ ಸಂಕಟವನ್ನು ನಾವು ಊಹಿಸಿಕೊಳ್ಳಬಹುದೇ ಹೊರತು ಬರೆಯಲಾರೆವು. ಅಂದು ಶ್ರೀನಿವಾಸರಿಗೆ 37 ವರ್ಷ.

ಭಾರತ ಸರ್ಕಾರ ಅವರಿಗೆ ಮರಣೋತ್ತರವಾಗಿ 1992ರಲ್ಲಿ ಕೀರ್ತಿ ಚಕ್ರ ನೀಡಿ ಗೌರವಿಸಿತು. ಯುದ್ಧಭೂಮಿಯ ಹೊರಗೆ ತೋರಿದ ಶೌರ್ಯಕ್ಕೆ ಕೊಡುವ ಪದಕಗಳಲ್ಲಿ ಅಶೋಕ ಚಕ್ರದ ನಂತರದ ಸ್ಥಾನ ಕೀರ್ತಿ ಚಕ್ರದ್ದು. ಕೈಯಲ್ಲಿ ಕೋಲೂ ಇಲ್ಲದೆ ನಡೆದು ಹೋದವನ ಶೌರ್ಯವನ್ನು ದೇಶ ಹೀಗೆ ಗುರುತಿಸಿತು.

ಪ್ರಿಯ ಓದುಗರೇ, ನಿಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿರಬೇಕು. ಕೊಲೆಗಾರನ ಮಾತು ನಂಬಿ ಬರಿಗೈಯಲ್ಲಿ ಹೋದದ್ದು ಸರಿಯೇ? ಇದು ಅವಿವೇಕವಲ್ಲವೇ? ಈ ಪ್ರಶ್ನೆ ನನ್ನನ್ನೂ ಕಾಡಿದೆ. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ದೇವರ ಮೇಲೆ ಭಾರ ಹಾಕಬೇಕೆಂದು ನಮಗೆ ಕಲಿಸಲಾಗಿದೆ. ಎಚ್ಚರಿಕೆಯೂ ಧರ್ಮವೇ. ಆ ಲೆಕ್ಕದಲ್ಲಿ ನೋಡಿದರೆ ಅಂದು ಅವರು ಹೋಗಬಾರದಿತ್ತು. ಆದರೆ ಇನ್ನೊಂದು ಲೆಕ್ಕವೂ ಇದೆ. ಅದುವರೆಗೆ ಶರಣಾದ ಪ್ರತಿಯೊಬ್ಬನೂ ಶ್ರೀನಿವಾಸರ ಮಾತನ್ನು ನಂಬಿ ಬಂದವನು. ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡವರು, ತಾವು ನಂಬಬೇಕಾದ ಗಳಿಗೆ ಬಂದಾಗ ಹಿಂದೆ ಸರಿಯಲಿಲ್ಲ. ಅವರ ಲೆಕ್ಕ ವೀರಪ್ಪನ್ ವಿಷಯದಲ್ಲಿ ತಪ್ಪಿತು. ಗೋಪಿನಾಥಂ ಜನರ ವಿಷಯದಲ್ಲಿ ತಪ್ಪಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಅವರ ನಂತರದ ದಿನಗಳು

ಶ್ರೀನಿವಾಸರ ಕೊಲೆಯ ನಂತರ ಆ ಕಾಡಿನಲ್ಲಿ ಉಳಿದದ್ದು ಬಂದೂಕಿನ ಮಾತು ಮಾತ್ರ. 1992ರ ಫೆಬ್ರವರಿಯಲ್ಲಿ ವೀರಪ್ಪನ್‌ನ ಬಲಗೈ ಬಂಟ ಗುರುನಾಥನ್ ಸತ್ತ. ಅವನನ್ನು ಹಿಡಿಯುವಲ್ಲಿ ಮುಖ್ಯ ಪಾತ್ರ ವಹಿಸಿದವರು ನಮ್ಮ ಸಮುದಾಯದ ಯುವ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್. ಇದಕ್ಕೆ ಪ್ರತೀಕಾರವಾಗಿ ಮೇ ತಿಂಗಳಲ್ಲಿ ರಾಮಾಪುರ ಪೊಲೀಸ್ ಠಾಣೆಯ ಮೇಲೆ ದಾಳಿಯಾಯಿತು. ಐವರು ಪೊಲೀಸರು ಪ್ರಾಣ ಕಳೆದುಕೊಂಡರು, ಠಾಣೆಯ ಬಂದೂಕುಗಳು ಕಳ್ಳರ ಪಾಲಾದವು.

ಅದೇ ವರ್ಷ ಆಗಸ್ಟ್ 14ರಂದು, ಸ್ವಾತಂತ್ರ್ಯ ದಿನಾಚರಣೆಯ ಹಿಂದಿನ ದಿನ, ಸುಳ್ಳು ಸುಳಿವು ಕೊಟ್ಟು ಎಸ್.ಪಿ. ಹರಿಕೃಷ್ಣ ಮತ್ತು ಶಕೀಲ್ ಅಹ್ಮದ್ ಅವರನ್ನು ಮೀಣ್ಯಂ ಬಳಿ ಕರೆಸಿಕೊಂಡು ಹೊಂಚು ಹಾಕಿ ಕೊಲ್ಲಲಾಯಿತು. ಅವರೊಂದಿಗೆ ನಾಲ್ವರು ಪೊಲೀಸರೂ ಮಡಿದರು. ಒಂದೇ ದಾರಿಯಲ್ಲಿ, ಒಂದೇ ಗಳಿಗೆಯಲ್ಲಿ ಹಿಂದೂ ಮುಸ್ಲಿಂ ಎಂಬ ಭೇದವಿಲ್ಲದೆ ಆರು ಮಂದಿಯ ರಕ್ತ ಈ ನೆಲಕ್ಕೆ ಬಿತ್ತು. ಅವರ ಸ್ಮರಣೆಗೆ ನಾವು ನಮ್ಮ ಶಾಲೆಗಳಲ್ಲಿ ಒಂದು ನಿಮಿಷ ಎದ್ದು ನಿಂತರೂ ಸಾಕು, ಮಕ್ಕಳಿಗೆ ಒಂದು ಪಾಠವಾದೀತು.

1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬ್ ಸ್ಫೋಟಕ್ಕೆ 22 ಜನ ಬಲಿಯಾದರು. ಇತ್ತ ಕಾಡಂಚಿನ ಹಳ್ಳಿಯ ಬಡವರ ಪಾಡೂ ಹೇಳತೀರದು. ವೀರಪ್ಪನ್‌ಗೆ ನೆರವಾದರು ಎಂಬ ಶಂಕೆಯ ಮೇಲೆ ಅನೇಕರನ್ನು ಹಿಡಿದು ಹಿಂಸಿಸಿದ ದೂರುಗಳು ಕಾರ್ಯಪಡೆಯ ಮೇಲೆ ಬಂದವು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವ ಅವರ ನೇತೃತ್ವದಲ್ಲಿ ವಿಚಾರಣೆ ನಡೆಸಿ, 2007ರಲ್ಲಿ 89 ಸಂತ್ರಸ್ತರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಹುತಾತ್ಮರನ್ನು ನೆನೆಯುವಾಗ ನಿರಪರಾಧಿಗಳ ನೋವನ್ನು ಮರೆತರೆ ಆ ನೆನಪು ಅರ್ಧವಾಗುತ್ತದೆ. ಈ ಎರಡು ಬೆಂಕಿಗಳ ನಡುವೆ ಮೂರನೆಯ ದಾರಿಯೊಂದಿತ್ತು. ಅದು ಶ್ರೀನಿವಾಸರು ಹಿಡಿದಿದ್ದ ದಾರಿ.

ಒಬ್ಬ ತಂದೆಯ ಅರ್ಜಿ

2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ವರನಟ ಡಾ. ರಾಜಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ. ನಾನು ಆಗ ಚಿಕ್ಕ ಹುಡುಗ. ಶಾಲೆಗೆ ರಜೆ ಎಂದು ಕುಣಿದದ್ದೂ, ಅಬ್ಬಾ ಗದರಿಸಿ ಒಳಗೆ ಕೂರಿಸಿದ್ದೂ ನೆನಪಿದೆ. ಅಪಹರಣಕಾರರ ಬೇಡಿಕೆಗಳಲ್ಲಿ ಟಾಡಾ ಕಾಯಿದೆಯಡಿ ಬಂಧನದಲ್ಲಿದ್ದವರ ಬಿಡುಗಡೆಯೂ ಒಂದು. ಸರ್ಕಾರ ಒಪ್ಪಿತು. ಮೈಸೂರಿನ ವಿಶೇಷ ನ್ಯಾಯಾಲಯವೂ ಟಾಡಾ ಆರೋಪ ಹಿಂತೆಗೆದುಕೊಳ್ಳಲು ಅನುಮತಿ ಕೊಟ್ಟಿತು.

ಆಗ ಒಬ್ಬ ವೃದ್ಧರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಅವರು ಶಕೀಲ್ ಅಹ್ಮದ್ ಅವರ ತಂದೆ, ನಿವೃತ್ತ ಪೊಲೀಸ್ ಅಧಿಕಾರಿ ಅಬ್ದುಲ್ ಕರೀಂ. ಇಡೀ ರಾಜ್ಯ ಅಣ್ಣಾವ್ರ ಬಿಡುಗಡೆಗಾಗಿ ಪ್ರಾರ್ಥಿಸುತ್ತಿದ್ದ ಸಮಯ ಅದು. ಅಂಥ ಹೊತ್ತಿನಲ್ಲಿ ಇಂಥ ಅರ್ಜಿ ಹಾಕಲು ಎಷ್ಟು ಗಟ್ಟಿ ಎದೆ ಬೇಕು ಯೋಚಿಸಿ. ಅವರ ವಾದ ಒಬ್ಬ ಕಲಾವಿದರ ವಿರುದ್ಧ ಆಗಿರಲಿಲ್ಲ. ಬೆದರಿಕೆಗೆ ಕಾನೂನು ಬಾಗಬಾರದು ಎಂಬುದಷ್ಟೇ ಅವರ ಅಳಲು. 2000ದ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟು, ಆರೋಪ ಹಿಂತೆಗೆದುಕೊಳ್ಳುವ ಆದೇಶವನ್ನು ರದ್ದು ಮಾಡಿತು. ದೇವರ ದಯೆಯಿಂದ ಅದೇ ತಿಂಗಳ 15ರಂದು ರಾಜಕುಮಾರ್ ಅವರೂ ಸುರಕ್ಷಿತವಾಗಿ ಬಿಡುಗಡೆಯಾದರು. ಮರುವರ್ಷ ಟಾಡಾ ನ್ಯಾಯಾಲಯ ವಿಚಾರಣೆ ಮುಗಿಸಿ ಆರೋಪಿಗಳಲ್ಲಿ ಬಹುಪಾಲು ಜನರನ್ನು ಖುಲಾಸೆ ಮಾಡಿತು. ಅವರ ಬಿಡುಗಡೆ ಕಳ್ಳನ ಬೆದರಿಕೆಯಿಂದ ಆಗದೆ ನ್ಯಾಯಾಲಯದ ತೀರ್ಪಿನಿಂದಲೇ ಆಯಿತು. ಹಾಗೆ ಆಗಬೇಕಾದದ್ದೇ ಸರಿ.

ಕಣ್ಣೀರು ಒರೆಸಿಕೊಂಡು ಕಾನೂನಿನ ಬಾಗಿಲು ತಟ್ಟಿದ ಆ ತಂದೆಯ ಸಬ್ರ್ ನಮ್ಮ ಮಕ್ಕಳಿಗೆ ಪಾಠವಾಗಬೇಕು. ಕೈಯಲ್ಲಿ ಕಲ್ಲು ಹಿಡಿಯಲಿಲ್ಲ, ಯಾರನ್ನೂ ಬೈಯಲಿಲ್ಲ, ಅರ್ಜಿ ಬರೆಸಿದರು. ಶಕೀಲ್ ಅಹ್ಮದ್ ಅವರಿಗೆ ಕಲ್ಲಿನ ಸ್ಮಾರಕಕ್ಕಿಂತ ದೊಡ್ಡ ಸ್ಮಾರಕ ಆ ತೀರ್ಪು ಎಂದು ನನಗೆ ತೋರುತ್ತದೆ.

2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿ ಬಳಿ ತಮಿಳುನಾಡು ಕಾರ್ಯಪಡೆಯ ಗುಂಡಿಗೆ ವೀರಪ್ಪನ್ ಬಲಿಯಾದ. ನೂರಕ್ಕೂ ಹೆಚ್ಚು ಜನರ ಪ್ರಾಣ ತೆಗೆದವನ ಕಥೆ ಅಲ್ಲಿಗೆ ಮುಗಿಯಿತು.

ಊರು ಕಟ್ಟಿದ ನೆನಪು

ಈಗ ಗೋಪಿನಾಥಂಗೆ ಹಿಂತಿರುಗೋಣ. ವೀರಪ್ಪನ್ ಹುಟ್ಟಿದ್ದು ಈ ಊರಿನಲ್ಲಿ. ಅವನ ಸಮಾಧಿ ಇರುವುದು ಮಾತ್ರ ತಮಿಳುನಾಡಿನ ಮೆಟ್ಟೂರು ಸಮೀಪದ ಮೂಲಕ್ಕಾಡಿನಲ್ಲಿ. ಗೋಪಿನಾಥಂನಲ್ಲಿ ನೆನಪಾಗಿ ನಿಂತವರು ಶ್ರೀನಿವಾಸರು. ತಾವು ಮುಂದೆ ನಿಂತು ಕಟ್ಟಿಸಿದ ಮಾರಿಯಮ್ಮನ ಗುಡಿಯಲ್ಲಿ ಅವರ ಭಾವಚಿತ್ರವಿದೆ. ಊರಿನವರು ದೇವರ ಜೊತೆಗೆ ಅದಕ್ಕೂ ಕೈ ಮುಗಿಯುತ್ತಾರೆ. ಕೊಂದವನ ಊರೇ ಕೊಲೆಯಾದವನನ್ನು ಎದೆಯಲ್ಲಿಟ್ಟುಕೊಂಡಿದೆ. ಹೀಗೆ ಆಗುವುದು ಅಪರೂಪ.

ಕೊಳ್ಳೇಗಾಲ ಪಟ್ಟಣದಲ್ಲಿಯೂ ಅವರ ನೆನಪಿದೆ. ಅವರು ಬಳಸುತ್ತಿದ್ದ ಜೀಪು ಮೂಲೆಯಲ್ಲಿ ಧೂಳು ಹಿಡಿದು ನಿಂತಿತ್ತು. ಈಚಿನ ವರ್ಷಗಳಲ್ಲಿ ಅರಣ್ಯ ಇಲಾಖೆಯವರು ಅದನ್ನು ರಿಪೇರಿ ಮಾಡಿಸಿ, ಬಣ್ಣ ಹಚ್ಚಿಸಿ, ಅರಣ್ಯ ಕಚೇರಿಯ ಆವರಣದಲ್ಲಿ ಸ್ಮಾರಕವಾಗಿ ಇರಿಸಿದರು. ಒಂದು ಹಳೆಯ ಜೀಪು ಏನು ಮಹಾ ಎನ್ನಬೇಡಿ. ಗೋಪಿನಾಥಂನ ಕಾಡುದಾರಿಗಳಲ್ಲಿ ಓಡಿದ ಗಾಡಿ ಅದು.

ಅವರವರ ನಂಬಿಕೆಯಂತೆ ಅವರವರು ನೆನೆಯುತ್ತಾರೆ. ಭಾವಚಿತ್ರಕ್ಕೆ ಕೈ ಮುಗಿಯುವುದು ನಮ್ಮ ಪದ್ಧತಿಯಲ್ಲಿಲ್ಲ. ಆದರೆ ಉಪಕಾರ ಮಾಡಿದವನನ್ನು ಮರೆಯದಿರುವುದು ನಮ್ಮ ದೀನ್ ಕೂಡ ಕಲಿಸಿದ ಪಾಠ. ಸದಖಾ ಜಾರಿಯಾ ಎಂದು ನಾವು ಹೇಳುತ್ತೇವಲ್ಲವೇ? ಮಾಡಿದವನು ಹೋದ ಮೇಲೂ ಜನರಿಗೆ ಪ್ರಯೋಜನವಾಗುತ್ತಾ ಇರುವ ದಾನ. ಬಾವಿ ತೋಡಿಸುವುದು, ಮರ ನೆಡುವುದು, ವಿದ್ಯೆ ಕಲಿಸುವುದು ಇದರಲ್ಲಿ ಸೇರುತ್ತವೆ. ಶ್ರೀನಿವಾಸರ ಧರ್ಮ ಬೇರೆ, ಭಾಷೆ ಬೇರೆ, ನಾಡೂ ಬೇರೆ. ಅವರು ಮಾಡಿದ ಕೆಲಸ ಮಾತ್ರ ನಮ್ಮ ಹಿರಿಯರು ನಮಗೆ ಮಾಡಿ ಎಂದು ಹೇಳುತ್ತಾ ಬಂದ ಕೆಲಸವೇ ಆಗಿತ್ತು. ತಮಿಳು ಮಾತನಾಡುವ ಕನ್ನಡ ನಾಡಿನ ಹಳ್ಳಿಗೆ ತೆಲುಗು ಸೀಮೆಯಿಂದ ಬಂದ ಒಬ್ಬ ಅಧಿಕಾರಿ ನೀರು ಕೊಟ್ಟರು. ನೀರಿಗೆ ಯಾವ ಭಾಷೆ?

ನಾವು ಮಾಡಬೇಕಾದದ್ದು

ಪ್ರತಿ ವರ್ಷ ಸೆಪ್ಟೆಂಬರ್ 11 ರಾಷ್ಟ್ರೀಯ ಅರಣ್ಯ ಹುತಾತ್ಮರ ದಿನ. 1730ರಲ್ಲಿ ರಾಜಸ್ಥಾನದ ಖೇಜಡ್ಲಿಯಲ್ಲಿ ಮರಗಳನ್ನು ಅಪ್ಪಿಕೊಂಡು ಪ್ರಾಣ ಕೊಟ್ಟ ಬಿಷ್ಣೋಯಿ ಜನರ ನೆನಪಿಗೆ ಆ ದಿನವನ್ನು ಆರಿಸಲಾಗಿದೆ. ಅಕ್ಟೋಬರ್ 21 ಪೊಲೀಸ್ ಹುತಾತ್ಮರ ದಿನ. 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನಾ ಸೈನಿಕರ ಗುಂಡಿಗೆ ಬಲಿಯಾದ ಪೊಲೀಸರ ನೆನಪು ಅದು. ಈ ಎರಡೂ ದಿನ ನಮ್ಮ ಶಾಲೆಗಳ ಕ್ಯಾಲೆಂಡರಿನಲ್ಲಿ ಖಾಲಿ ಇರುತ್ತವೆ. ಸಂಘದ ಹಿರಿಯರು ಮನಸ್ಸು ಮಾಡಿದರೆ ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಹತ್ತು ನಿಮಿಷ ಸಾಕು. ಒಂದು ದಿನ ಶ್ರೀನಿವಾಸರ ಕಥೆ, ಇನ್ನೊಂದು ದಿನ ಹರಿಕೃಷ್ಣ ಮತ್ತು ಶಕೀಲ್ ಅಹ್ಮದ್ ಅವರ ಕಥೆ ಹೇಳಿದರೆ, ಮುಂದಿನ ವರ್ಷ ನಾನು ಅದೇ ಪ್ರಶ್ನೆ ಕೇಳಿದಾಗ ಕೆಲವು ಕೈಗಳಾದರೂ ಮೇಲೇಳುತ್ತವೆ.

ವಿದ್ಯಾರ್ಥಿ ಮಿತ್ರರೇ, ನಿಮಗೆ ಒಂದು ಮಾತು. ನಮ್ಮ ಮೊಹಲ್ಲಾಗಳಲ್ಲಿ ಪೊಲೀಸ್ ಎಂದರೆ ದೂರ ನಿಲ್ಲುವ ಅಭ್ಯಾಸವಿದೆ. ಖಾಕಿ ನಮ್ಮದಲ್ಲ ಎಂಬ ಭಾವನೆಯಿದೆ. ಶಕೀಲ್ ಅಹ್ಮದ್ ಆ ಖಾಕಿಯನ್ನು ತೊಟ್ಟು ಅದಕ್ಕೆ ಗೌರವ ತಂದರು. ನೀವು ಪಿ.ಯು.ಸಿ.ಯಲ್ಲಿ, ಪದವಿಯಲ್ಲಿ ಓದುತ್ತಿದ್ದರೆ ಪೊಲೀಸ್, ಅರಣ್ಯ, ಕಂದಾಯ ಇಲಾಖೆಗಳ ಪರೀಕ್ಷೆಗಳ ಕಡೆಗೂ ಕಣ್ಣು ಹಾಯಿಸಿ. ಕನ್ನಡವನ್ನು ಚೆನ್ನಾಗಿ ಕಲಿಯಿರಿ. ಉರ್ದು ನಮ್ಮ ಮನೆಯ ದೀಪವಾದರೆ ಕನ್ನಡ ನಮ್ಮ ಊರಿನ ದಾರಿ. ದಾರಿ ತಿಳಿಯದವನು ಮನೆ ಬಿಟ್ಟು ಹೋಗಲಾರ. ಪಾಸಾಗಿ ಕುರ್ಚಿಯಲ್ಲಿ ಕುಳಿತ ದಿನ ಗೋಪಿನಾಥಂ ನೆನಪಿರಲಿ. ನಿಮ್ಮ ಮುಂದೆ ಕೈಕಟ್ಟಿ ನಿಂತ ಬಡವನನ್ನು ಮೊದಲು ಕುಳಿತುಕೊಳ್ಳಲು ಹೇಳಿ, ಆಮೇಲೆ ಅವನ ಕಾಗದ ನೋಡಿ.

ಈ ಲೇಖನ ಬರೆಯುವ ಮೊದಲು ಆ ಒಂಬತ್ತನೆಯ ತರಗತಿಯ ಮಕ್ಕಳಿಗೆ ಇಷ್ಟನ್ನೂ ಕಥೆಯಾಗಿ ಹೇಳಿದೆ. ಮೀಸೆ ತಿರುವಿದ್ದ ಹುಡುಗ ಕೊನೆಯಲ್ಲಿ ಎದ್ದು ನಿಂತು, ಆ ಊರಿನಲ್ಲಿ ಈಗ ನೀರು ಬರುತ್ತದೆಯೇ ಸರ್ ಎಂದು ಕೇಳಿದ. ನನಗೆ ಬಹಳ ಸಂತೋಷವಾಯಿತು. ಶ್ರೀನಿವಾಸರು ಆ ಊರಿಗೆ ಕಾಲಿಟ್ಟಾಗ ಕೇಳಿದ ಪ್ರಶ್ನೆಯೂ ಅದೇ ಆಗಿತ್ತು.

ಕರ್ತವ್ಯದ ಹಾದಿಯಲ್ಲಿ ಪ್ರಾಣ ಕೊಟ್ಟ ಎಲ್ಲರ ಮನೆಯವರಿಗೆ ಅಲ್ಲಾಹನು ನೆಮ್ಮದಿ ಕೊಡಲಿ. ನಮ್ಮ ಮಕ್ಕಳನ್ನು ಕಾಯುವವರನ್ನಾಗಿ, ಕೊಡುವವರನ್ನಾಗಿ ಮಾಡಲಿ. ಆಮೀನ್.